ಕೆಟ್ಟ ಉಪ್ಪಿನಕಾಯಿಯ ಹೊಣೆ ಯಾರದು?

ಮನೆಯ ಒಳಕೋಣೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿರುವ ಉಪ್ಪಿನಕಾಯಿಯ ಜಾಡಿಯು ಧರ್ಮವಿಚಾರಕ್ಕೆ ತಕ್ಕ ವಸ್ತುವೋ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ತಕ್ಕದ್ದೇ ಎಂದು ನಾನು ಎಣಿಸುತ್ತೇನೆ. ಯಾಕಂದರೆ ದೊಡ್ಡ ಪ್ರಶ್ನೆಗಳು ನಮ್ಮಂಥ ಹಳ್ಳಿಯವರ ಬಳಿಗೆ ದೊಡ್ಡ ವೇಷದಲ್ಲಿ ಬರುವದಿಲ್ಲ. ತಕ್ಕಡಿ, ಹೊಲದ ಬದು, ನೀರಿನ ಸರದಿ, ಉಪ್ಪಿನಕಾಯಿಯ ಜಾಡಿ ಇವುಗಳ ರೂಪದಲ್ಲಿಯೇ ಬರುತ್ತವೆ. ಈ ಸಾರಿ ನಾವು ವಿಚಾರಿಸತಕ್ಕ ಪ್ರಶ್ನೆಯು ಇದು: ಒಬ್ಬನ ಕೈತಪ್ಪು ಆ ದಿನ ಯಾರ ಕಣ್ಣಿಗೂ ಬೀಳದೆ, ತಿಂಗಳುಗಳು ಕಳೆದ ಮೇಲೆ ಮತ್ತೊಬ್ಬರ ಮನೆಯಲ್ಲಿ ಹೊರಬಿದ್ದರೆ, ಮತ್ತು ಅದು ಇವನದೇ ಎಂದು ಯಾರೂ ತೋರಿಸಲಾರದೆ ಹೋದರೆ, ಅವನು ಅದಕ್ಕೆ ಹೊಣೆಯೋ, ಅಲ್ಲವೋ?

ಕಳೆದ ಏಪ್ರಿಲ್ ತಿಂಗಳಲ್ಲಿ ನಾನು ಕೆಲಸದ ನಿಮಿತ್ತ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದಾಗ, ಪೇಟೆಯ ಬೀದಿಯಂಚಿನಲ್ಲಿ ಗೋಣಿತಾಟು ಹಾಸಿಕೊಂಡು ಮಾವಿನಕಾಯಿ ಹೆಚ್ಚಿಕೊಡುತ್ತಿದ್ದ ಒಬ್ಬ ಮನುಷ್ಯನನ್ನು ನೋಡುತ್ತಾ ಬಹಳ ಹೊತ್ತು ನಿಂತೆನು. ಅವನಿಗೆ ಐವತ್ತು ವರುಷ ದಾಟಿರಬಹುದು. ಅವನ ಮುಂದೆ ಒಂದು ಮರದ ದಿಮ್ಮಿ. ಅದರ ಒಂದು ತುದಿಗೆ ಕಬ್ಬಿಣದ ಮೊಳೆಯಿಂದ ಬಿಗಿದ ಅಗಲವಾದ ಕತ್ತಿ. ಕತ್ತಿಯ ಹಿಡಿಯನ್ನು ಮೇಲಕ್ಕೆತ್ತಿ, ಕಾಯಿಯನ್ನು ಕೆಳಗೆ ಇಟ್ಟು ಒತ್ತಿದರೆ, ಅಡಕತ್ತರಿಯು ಅಡಿಕೆಯನ್ನು ಸೀಳುವಂತೆ ಅದು ಕಾಯಿಯನ್ನು ಗೊರಟೆಸಹಿತವಾಗಿ ಸೀಳುವದು. ಬಲಗಡೆ ಕಾಯಿಯ ರಾಶಿ, ಎಡಗಡೆ ಒಣಗಿದ ಬಿಳೀ ಬಟ್ಟೆ, ಹಿಂದೆ ತಕ್ಕಡಿ. ಇಷ್ಟೇ ಅವನ ಅಂಗಡಿ.

ಮಾವಿನಕಾಯಿಯನ್ನು ಹೆಚ್ಚುವದರಲ್ಲಿ ಏನು ವಿದ್ಯೆ ಇದೆ ಎಂದು ತಿಳಿಯದವರು ಹೇಳಾರು. ಮಲೆನಾಡಿನ ಸಾಗರ, ಸಿರ್ಸಿಗಳ ಕಡೆ ಅಪ್ಪೆಮಿಡಿಯನ್ನು ಎಳೆಯದಾಗಿರುವಾಗಲೇ ಕೊಯ್ದು ಇಡಿಯಾಗಿ ಉಪ್ಪಿನಲ್ಲಿ ಹಾಕುತ್ತಾರೆ. ಅಲ್ಲಿ ಕತ್ತಿಗೆ ಕೆಲಸವಿಲ್ಲ. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿಯಾದರೋ ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಆಡುತ್ತವೆ; ಆದಕಾರಣ ತೆಲುಗರ ಆವಕಾಯಿಯೂ ನಮ್ಮ ಮನೆಯದೇ ಆಗಿದೆ. ಇದಕ್ಕೆ ಗೊರಟೆ ಬಲಿತ ಹುಳಿಗಾಯಿ ಬೇಕು. ಗೊರಟೆಯನ್ನು ನಮ್ಮ ಜನರು ವಾಟೆ ಎನ್ನುವರು. ಪ್ರತಿಯೊಂದು ಹೋಳಿನಲ್ಲಿಯೂ ವಾಟೆಯ ಗಟ್ಟಿ ಚಿಪ್ಪು ಒಂದಿಷ್ಟು ಅಂಟಿಕೊಂಡಿರಬೇಕು. ಹಾಗಿದ್ದರೆ ಹೋಳು ವರುಷವೆಲ್ಲಾ ಕರಗದೆ ನಿಲ್ಲುವದು. ವಾಟೆ ಬಲಿಯದ ಕಾಯಿಯ ಹೋಳು ಸೊರಗಿ ಹೋಗುವದು. ಬಲಿತು ಬಣ್ಣ ತಿರುಗಿದ ಕಾಯಿಯಲ್ಲಿ ಸಿಹಿ ಏರಿರುವದರಿಂದ ಅದು ಮೆತ್ತಗಾಗಿ ಹುಳಿತು ಹೋಗುವದು. ಗಾಳಿಗೆ ಉದುರಿದ ಕಾಯಿ ಕಡಿಮೆ ಬೆಲೆಗೆ ಸಿಕ್ಕುವದು. ಆದರೆ ನೆಲಕ್ಕೆ ಬಿದ್ದು ಪೆಟ್ಟಾದ ಕಡೆಯಲ್ಲಿ ಒಳಗೇ ಕೊಳೆಯಲು ತೊಡಗಿರುವದು.

ಆ ಮನುಷ್ಯನು ಪ್ರತಿಯೊಂದು ಕಾಯಿಯನ್ನು ಕೈಯಲ್ಲಿ ಒಂದು ಸಲ ಹೊರಳಿಸಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದನು. ತೊಟ್ಟಿನ ಕಡೆ ಸೊನೆ ಇದ್ದರೆ ಒರಸುತ್ತಿದ್ದನು. ಸೊನೆ ಚರ್ಮವನ್ನು ಸುಡುವದೆಂಬದು ಮಾವಿನ ತೋಪಿನಲ್ಲಿ ಕೆಲಸಮಾಡಿದವರೆಲ್ಲರಿಗೂ ಗೊತ್ತು. ಅವನ ಬೆರಳುಗಳ ಸಂದಿನಲ್ಲಿ ಕಪ್ಪು ಕಲೆಗಳಿದ್ದವು. ಕಾಯಿಯನ್ನು ಉದ್ದಕ್ಕೆ ಸೀಳಿ, ಕತ್ತಿಯ ಮೊನೆಯಿಂದ ಒಳಗಿನ ಬೀಜವನ್ನು ಎಬ್ಬಿಸಿ ತೆಗೆದು, ಅದರ ಹಿಂದಿನ ಕಾಗದದಂಥ ಪೊರೆಯನ್ನು ಕೆರೆದು, ಅನಂತರವೇ ಹೋಳು ಮಾಡಿ ಬಿಳೀ ಬಟ್ಟೆಯ ಮೇಲೆ ಹಾಕುತ್ತಿದ್ದನು. ಈ ಪೊರೆ ಉಳಿದರೆ ಉಪ್ಪಿನಕಾಯಿ ಒಗರಾಗುವದು. ಒಂದು ಕಾಯಿಗೆ ಅವನಿಗೆ ಹಿಡಿಯುತ್ತಿದ್ದ ಹೊತ್ತು ಒಂದು ಉಸಿರಿಗಿಂತ ಹೆಚ್ಚಲ್ಲ.

ಹೀಗೆ ಹೆಚ್ಚುತ್ತಿರುವಾಗ, ಐದು ಕಿಲೋ ಕಾಯಿ ಕೊಂಡಿದ್ದ ಒಬ್ಬ ಹೆಂಗಸಿನ ಪಾಲಿನಲ್ಲಿ ಎರಡು ಕಾಯಿ ಕೆಟ್ಟಿದ್ದವು. ಹೊರಗಡೆ ಅವು ಹಸುರಾಗಿ, ಗಟ್ಟಿಯಾಗಿ, ಒಂದು ಗಾಯವೂ ಇಲ್ಲದೆ ಇದ್ದವು. ಸೀಳಿದ ಮೇಲೆ ನೋಡಿದರೆ ವಾಟೆಯೊಳಗೆ ಕಪ್ಪು ಪುಡಿ, ಅದರಲ್ಲಿ ಹುಳ. ಮಾವಿನ ವಾಟೆಹುಳದ ಬಗೆಯೇ ಇಂಥಾದ್ದು. ಕಾಯಿ ಎಳೆಯದಾಗಿರುವಾಗ ಸೊಂಡಿಲುಳ್ಳ ಒಂದು ಸಣ್ಣ ಜೀರುಂಡೆ ಅದರ ಸಿಪ್ಪೆಯ ಮೇಲೆ ಮೊಟ್ಟೆ ಇಡುವದು. ಮರಿಯು ತಿರುಳನ್ನು ಕೊರೆದು ಬೀಜವನ್ನು ಸೇರುವದು. ಕಾಯಿ ಬೆಳೆದಂತೆ ಆ ದಾರಿ ಮುಚ್ಚಿಹೋಗುವದು. ಆಮೇಲೆ ಹೊರಗಿನಿಂದ ನೋಡುವವನಿಗೆ ಗುರುತೇ ಸಿಕ್ಕುವದಿಲ್ಲ. ಆ ಮನುಷ್ಯನು ಎರಡು ಕಾಯಿಗಳನ್ನೂ ಆ ಹೆಂಗಸಿಗೆ ತೋರಿಸಿ ಪಕ್ಕದ ಬುಟ್ಟಿಗೆ ಎಸೆದು, ತನ್ನ ರಾಶಿಯಿಂದ ಬೇರೆ ಎರಡು ತೆಗೆದುಕೊಂಡನು. ಅವಳಿಗೆ ಬಸ್ಸಿನ ಅವಸರ. “ಹುಳ ತೆಗೆದು ಹಾಕಿ ಹೆಚ್ಚಿಬಿಡಪ್ಪಾ, ಖಾರ ಬಿದ್ದ ಮೇಲೆ ಯಾರಿಗೆ ಗೊತ್ತಾಗುತ್ತದೆ?” ಎಂದಳು. ಅವನು ನಕ್ಕು, “ಅಮ್ಮಾ, ಅದು ಜಾಡಿಗೆ ಬೇಡ” ಎಂದಷ್ಟೇ ಹೇಳಿದನು.

ಅವಳು ಹೋದ ಮೇಲೆ ನಾನು, “ಅವರೇ ಬೇಡವೆಂದರೂ ನೀನು ಯಾಕೆ ನಷ್ಟಮಾಡಿಕೊಂಡೆ?” ಎಂದು ಕೇಳಿದೆನು. ಅವನು ಕತ್ತಿಯನ್ನು ಒರಸುತ್ತಾ, “ಸ್ವಾಮೀ, ವಾಟೆಯೊಳಗೆ ನೋಡುವವನು ನಾನೊಬ್ಬನೇ. ಹೋಳು ಮಾಡಿ ಹಾಕಿದ ಮೇಲೆ ಆ ಅಮ್ಮ ನೋಡಲಾರರು” ಎಂದನು. ಇದರ ಮೇಲೆ ಅವನು ಏನನ್ನೂ ಹೇಳಲಿಲ್ಲ. ಮತ್ತೊಬ್ಬರ ಕಾಯಿಗೆ ಕೈಹಾಕಿದನು. ನಾನಾದರೋ ಆ ಮಾತನ್ನು ಗೌರಿಬಿದನೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊತ್ತುಕೊಂಡು ಹೋದೆನು. ಅದು ನನ್ನ ಹಳೆಯ ಒಂದು ಸಾಲವನ್ನು ನೆನಪಿಗೆ ತಂದಿತು. ಅದನ್ನು ಇಲ್ಲಿ ಹೇಳದೆ ಮುಂದಿನ ವಿಚಾರ ನಡೆಯಲಾರದು.

ನನಗೆ ಆಗ ಹನ್ನೆರಡು ವರುಷ. ನಮ್ಮ ಊರು ಗೌರಿಬಿದನೂರು ತಾಲ್ಲೂಕಿನದು. ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಅದಕ್ಕೆ ಮುಂಚೆ ನಾವೆಲ್ಲರೂ ಕೋಲಾರ ಜಿಲ್ಲೆಯವರಾಗಿದ್ದೆವು. ನನ್ನ ಅಣ್ಣನಿಗೆ ಮದುವೆಯಾಗಿ ಅತ್ತಿಗೆ ನಮ್ಮ ಮನೆಗೆ ಬಂದು ಆರು ತಿಂಗಳು ಕಳೆದಿರಲಿಲ್ಲ. ಹಿತ್ತಿಲಲ್ಲಿದ್ದ ನಾಟಿ ಮಾವಿನ ಮರದ ಕಾಯಿಗಳನ್ನು ಅಮ್ಮನು ತೊಳೆದು, ಒರಸಿ, ಬುಟ್ಟಿಗೆ ತುಂಬಿ, ಪೇಟೆಯಲ್ಲಿ ಹೆಚ್ಚಿಸಿಕೊಂಡು ಬಾ ಎಂದು ನನ್ನನ್ನು ಕಳುಹಿಸಿದಳು. ಹೆಚ್ಚಿದವನು ಹೋಳುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟು, “ಮನೆ ಸೇರುವ ತನಕ ನೀರು ಸೋಕಿಸಬೇಡ” ಎಂದು ಎರಡು ಸಾರಿ ಹೇಳಿದನು.

ದಾರಿಯಲ್ಲಿ ಶಾಲೆಯ ಗೆಳೆಯರು ಗೋಲಿ ಆಡುತ್ತಿದ್ದರು. ನಾನು ಬುಟ್ಟಿಯನ್ನು ಬೇಲಿಯ ಪಕ್ಕದಲ್ಲಿ ಇಟ್ಟು ಆಟಕ್ಕೆ ಸೇರಿದೆನು. ಬೇಸಿಗೆಯ ಮಳೆ ಹೇಳಿ ಬರುವದಿಲ್ಲ. ಬಂತು, ಹತ್ತು ನಿಮಿಷ ಸುರಿಯಿತು, ನಿಂತಿತು. ನಾನು ಓಡಿಹೋಗಿ ನೋಡುವಷ್ಟರಲ್ಲಿ ಬಟ್ಟೆ ನೆನೆದಿತ್ತು. ಮೇಲಿನ ಹೋಳುಗಳನ್ನು ಅಂಗಿಯಿಂದ ಒರಸಿದೆನು. ಕೆಳಗಿನವುಗಳನ್ನು ಹಾಗೆಯೇ ಬಿಟ್ಟೆನು. ಬಟ್ಟೆಯನ್ನು ಹಿಂಡಿ ಕೊಡವಿ, ಮೊದಲಿನಂತೆ ಕಟ್ಟಿ, ಕತ್ತಲಾಗುವ ಹೊತ್ತಿಗೆ ಮನೆಗೆ ಬಂದೆನು. “ನೆನೆಯಿತೇನೋ?” ಎಂದು ಅಮ್ಮನು ಕೇಳಿದಳು. “ಇಲ್ಲಮ್ಮ, ಮರದ ಕೆಳಗೆ ನಿಂತಿದ್ದೆ” ಎಂದೆನು. ಆ ರಾತ್ರಿಯೇ ಅತ್ತಿಗೆಯ ಕೈಯಲ್ಲಿ ಉಪ್ಪು, ಖಾರ, ಸಾಸಿವೆಪುಡಿಗಳನ್ನು ಕಲೆಸಿಸಿ ಜಾಡಿಗೆ ತುಂಬಿಸಿದರು.

ಎರಡು ತಿಂಗಳು ಕಳೆದ ಮೇಲೆ ಜಾಡಿಯ ಬಟ್ಟೆಯನ್ನು ಬಿಚ್ಚಿದಾಗ ಮೇಲೆ ಬಿಳೀ ಬೂಷ್ಟು, ಕೆಳಗೆ ಹೋಳೆಲ್ಲಾ ಮೆತ್ತಗೆ. ಒಂದು ವರುಷದ ಉಪ್ಪಿನಕಾಯಿ ತಿಪ್ಪೆಗೆ ಹೋಯಿತು. ಬಡವರ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಮಳೆಗಾಲದಲ್ಲಿ ಸಾರಿಗೆ ಬೇಳೆ ಇಲ್ಲದ ದಿನ ಮುದ್ದೆಗೆ ಅದೇ ಆಧಾರ. ಅಮ್ಮನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಆಮೇಲೆ ಅತ್ತಿಗೆಯ ಕಡೆಗೆ ತಿರುಗಿ, “ಮುಟ್ಟಾದಾಗ ಜಾಡಿ ಮುಟ್ಟಿದೆಯಾ?” ಎಂದು ಕೇಳಿದಳು. ಅವಳು ಇಲ್ಲವೆಂದಳು. “ಹಾಗಾದರೆ ಕೈಗುಣವೇ ಸರಿಯಿಲ್ಲ” ಎಂದು ಅಮ್ಮನು ತೀರ್ಪು ಹೇಳಿದಳು. ಅಂದಿನಿಂದ ಅತ್ತಿಗೆ ಜಾಡಿಯ ಕೋಣೆಗೆ ಹೋಗುವಂತಿರಲಿಲ್ಲ. ನೆಂಟರು ಬಂದಾಗಲೂ ಆ ಮಾತು ಬರುತ್ತಿತ್ತು. ಅದು ಒಂದೆರಡು ದಿನದ ಮಾತಾಗಿರಲಿಲ್ಲ. ವರುಷಗಳ ವರೆಗೆ ಅವಳ ಹೆಸರಿಗೆ ಅಂಟಿಕೊಂಡಿತ್ತು.

ಇಲ್ಲಿ ನೀವು ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಮನೆಯಲ್ಲಿ ದಿನವೂ ಸಂಜೆ ಪ್ರಾರ್ಥನೆ ನಡೆಯುತ್ತಿತ್ತು. ಶಕುನ, ಜಾತಕ, ತಾಯಿತಗಳನ್ನು ಬಿಟ್ಟು ಎರಡು ತಲೆಮಾರು ಆಗಿತ್ತು. ಆದಾಗ್ಯೂ ಜಾಡಿಯ ಮುಂದಿನ ಮೈಲಿಗೆ ಮಾತ್ರ ಬಾಗಿಲಲ್ಲಿ ತಡೆಯಿಲ್ಲದೆ ನಮ್ಮ ಸಂಗಡ ಒಳಗೆ ಬಂದಿತ್ತು. ಅದನ್ನು ಯಾರೂ ದೇವರ ಹೆಸರಿನಲ್ಲಿ ಇಟ್ಟುಕೊಂಡಿರಲಿಲ್ಲ, ಅಡಿಗೆಯ ಹೆಸರಿನಲ್ಲಿ ಇಟ್ಟುಕೊಂಡಿದ್ದರು. ಆದಕಾರಣ ಯಾರ ಉಪದೇಶವೂ ಅದನ್ನು ತಾಕಿರಲಿಲ್ಲ.

ನಾನು ಏನು ಮಾಡಿದೆನು? ರಾತ್ರಿ ಮಲಗುವಾಗ ದೇವರ ಹತ್ತಿರ ಕ್ಷಮೆ ಬೇಡಿದೆನು. ನಾಲ್ಕೈದು ರಾತ್ರಿ ಬೇಡಿದ ಮೇಲೆ ಮನಸ್ಸು ಹಗುರವಾಯಿತು, ಆಮೇಲೆ ಮರೆತುಬಿಟ್ಟೆನು. ಈಗ ಯೋಚಿಸಿದರೆ ನನಗೆ ನಾಚಿಕೆಯಾಗುವದು ಆ ಸುಳ್ಳಿಗಿಂತ ಹೆಚ್ಚಾಗಿ ಆ ಹಗುರತನಕ್ಕೆ. ತಪ್ಪು ದೇವರಿಗೂ ನನಗೂ ಮಧ್ಯೆ ಇರುವ ಲೆಕ್ಕವೆಂದೂ, ಅದು ತೀರಿತೆಂದೂ ನಾನು ಎಣಿಸಿದೆನು. ಗೋಡೆಯ ಆಚೆ ಮತ್ತೊಬ್ಬಳು ಅದೇ ಲೆಕ್ಕವನ್ನು ದಿನವೂ ತೀರಿಸುತ್ತಿದ್ದಳೆಂಬದು ನನಗೆ ತೋಚಲಿಲ್ಲ. ಜಕ್ಕಾಯನು ಮನಸ್ಸು ತಿರುಗಿದ ದಿನವೇ ತಾನು ಯಾರಿಂದ ಅನ್ಯಾಯವಾಗಿ ತೆಗೆದುಕೊಂಡಿದ್ದನೋ ಅವರಿಗೆ ಹಿಂದಕ್ಕೆ ಕೊಡುವೆನೆಂದು ಹೇಳಿದನೆಂಬದನ್ನು ನಾನು ಭಾನುವಾರದ ಶಾಲೆಯಲ್ಲಿ ಬಾಯಿಪಾಠಮಾಡಿದ್ದೆನು; ಕಲಿತಿರಲಿಲ್ಲ.

ಉಪದೇಶಿಯ ಕೆಲಸಕ್ಕೆ ಓದುತ್ತಿದ್ದಾಗ ಒಂದು ರಜಾದಿನದಲ್ಲಿ ಊರಿಗೆ ಬಂದು ಅತ್ತಿಗೆಯ ಮುಂದೆ ನಡೆದದ್ದನ್ನೆಲ್ಲಾ ಹೇಳಿದೆನು. ಅವಳು ರಾಗಿ ಕೇರುತ್ತಿದ್ದಳು. ಮೊರವನ್ನು ಕೆಳಗೆ ಇಡಲಿಲ್ಲ. “ನನಗೆ ಅವತ್ತೇ ಗೊತ್ತಿತ್ತಪ್ಪಾ. ಕಲೆಸುವಾಗ ಹೋಳು ಕೈಗೆ ತಣ್ಣಗೆ ಹತ್ತಿತು. ಬಟ್ಟೆಯ ಮೇಲೆ ಹರಡಿ ಬೆಳಿಗ್ಗೆ ಕಲೆಸೋಣವೇ ಅಂದೆ, ಅತ್ತೆಯವರು ಈಗಲೇ ಆಗಲಿ ಅಂದರು” ಎಂದಳು. “ಬೂಷ್ಟು ಬಂದ ದಿನವಾದರೂ ಯಾಕೆ ಹೇಳಲಿಲ್ಲ?” ಎಂದು ಕೇಳಿದೆನು. “ಹೊಸದಾಗಿ ಬಂದವಳು ಮೈದುನನ ಮೇಲೆ ದೂರು ಹೊರಿಸಿದಳು ಅನ್ನಿಸಿಕೊಳ್ಳುವದಕ್ಕಿಂತ, ಕೈಗುಣ ಇಲ್ಲದವಳು ಅನ್ನಿಸಿಕೊಳ್ಳುವದು ಮೇಲು ಅನ್ನಿಸಿತು” ಎಂದಳು. ನನ್ನ ಅಮ್ಮನು ಆಗ ಬದುಕಿರಲಿಲ್ಲ. ಆ ತೀರ್ಪು ಯಾರ ಬಾಯಿಂದ ಬಂದಿತ್ತೋ ಅವರ ಬಾಯಿಂದಲೇ ಹಿಂದಕ್ಕೆ ಹೋಗಬೇಕಾಗಿತ್ತು. ಅದಕ್ಕೆ ನಾನು ತಡಮಾಡಿದ್ದೆನು.

ಪ್ರಿಯರೇ, ಈಗ ನಮ್ಮ ಪ್ರಶ್ನೆಗೆ ಬರೋಣ. ಯಾರೂ ತೋರಿಸಲಾರದ ತಪ್ಪಿಗೆ ಹೊಣೆಯುಂಟೋ? ಇಲ್ಲವೆನ್ನುವವರು ಮೂರು ಮಾತುಗಳನ್ನು ಮುಂದಿಡುವರು. ಒಂದೊಂದನ್ನಾಗಿ ನೋಡೋಣ.

ಮೊದಲನೆಯದು: “ಸಾಕ್ಷಿ ಇಲ್ಲದ ಮೇಲೆ ಸಾಲವೆಲ್ಲಿ?” ಕಚೇರಿಯಲ್ಲಿ ಈ ಮಾತು ಸರಿ, ಯಾಕಂದರೆ ನ್ಯಾಯಾಧಿಪತಿಗೆ ಕಂಡದ್ದರ ಮೇಲೆ ಮಾತ್ರ ಅವನು ತೀರ್ಪು ಹೇಳಬಲ್ಲನು. ಆದರೆ ಸಾಕ್ಷಿಯು ಸಾಲವನ್ನು ತೋರಿಸುವದೇ ಹೊರತು ಹುಟ್ಟಿಸುವದಿಲ್ಲ. ಪತ್ರ ಸುಟ್ಟುಹೋದರೆ ಕೊಟ್ಟವನ ಹಣ ಅವನಿಗೆ ಬಂದು ಸೇರಿತೇ? ಇನ್ನೂ ಮುಖ್ಯವಾದದ್ದು ಏನಂದರೆ, ಕಾಣದ ತಪ್ಪು ಕಾಣದೆ ಕರಗಿಹೋಗುವದಿಲ್ಲ. ಜಾಡಿಯಲ್ಲಿ ಬೂಷ್ಟು ಕಂಡ ದಿನ ಮನೆಯವರು ಯಾರನ್ನಾದರೂ ಹುಡುಕಿಯೇ ಹುಡುಕುವರು. ನಿಜವಾದ ಕಾರಣ ಮರೆಯಲ್ಲಿದ್ದರೆ, ಕೈಗೆ ಸುಲಭವಾಗಿ ಸಿಕ್ಕುವವರ ಮೇಲೆ ಅದು ಬೀಳುವದು. ಮನೆಯಲ್ಲಿ ಅವಳು ಹೊಸ ಸೊಸೆ. ಕೂಲಿಯಲ್ಲಿ ಅವನು ಚಿಕ್ಕ ಹುಡುಗ. ಊರಿನಲ್ಲಿ ಅವನು ಕೇರಿಯ ಕೊನೆಯ ಮನೆಯವನು. ಬಾಯಿಲ್ಲದವರ ತಲೆಯ ಮೇಲೆ ಬೀಳುವ ದೂರುಗಳಲ್ಲಿ ಎಷ್ಟೋ, ಬಾಯಿದ್ದವರು ಹೇಳದೆ ಬಿಟ್ಟ ಮಾತುಗಳಿಂದ ಹುಟ್ಟಿದವು.

ಬೂಷ್ಟಿನ ನಿಜವಾದ ಕಾರಣವಾದರೂ ಏನು? ಅದು ಅಣಬೆಯ ಕುಲಕ್ಕೆ ಸೇರಿದ ಒಂದು ಸಣ್ಣ ಜೀವಿ. ಅದರ ಬೀಜಕಣಗಳು ಕಣ್ಣಿಗೆ ಕಾಣದೆ ಗಾಳಿಯಲ್ಲಿ ಎಲ್ಲೆಲ್ಲಿಯೂ ಇರುತ್ತವೆ. ಪದಾರ್ಥಗಳು ಕೆಡುವದು ತಾನಾಗಿ ಅಲ್ಲ, ಗಾಳಿಯಿಂದ ಬಂದು ಸೇರುವ ಇಂಥ ಸೂಕ್ಷ್ಮ ಜೀವಿಗಳಿಂದ ಎಂದು ಫ್ರಾನ್ಸ್ ದೇಶದ ಲೂಯಿ ಪಾಸ್ತರ್ ಎಂಬ ವಿದ್ವಾಂಸನು 1860ರ ಸುಮಾರಿನಲ್ಲಿ, ಹಂಸದ ಕುತ್ತಿಗೆಯಂತೆ ಬಾಗಿದ ಗಾಜಿನ ಬುರುಡೆಗಳನ್ನು ಇಟ್ಟು ತೋರಿಸಿದನು. ಉಪ್ಪು ಹೋಳಿನ ನೀರನ್ನು ಹೊರಗೆಳೆದು ಆ ಜೀವಿಗಳಿಗೆ ನೀರು ದಕ್ಕದಂತೆ ಮಾಡುವದು. ನೂರು ಪಾಲು ಹೋಳಿಗೆ 15ರಿಂದ 20 ಪಾಲು ಉಪ್ಪು ಬೀಳುವದು ಇದಕ್ಕಾಗಿಯೇ. ಮಾವಿನ ಹುಳಿ ಅದಕ್ಕೆ ಸಹಾಯಮಾಡುವದು. ಮೇಲೆ ನಿಲ್ಲುವ ಎಣ್ಣೆ ಗಾಳಿಯನ್ನು ತಡೆಯುವದು. ಹೊರಗಿನ ನೀರು ಸೇರಿದರೆ ಉಪ್ಪಿನ ಬಲ ಕುಂದಿ, ಬೂಷ್ಟಿಗೆ ಎಡೆಯಾಗುವದು. ಇದರಲ್ಲಿ ಹೆಂಗಸಿನ ತಿಂಗಳ ದಿನಗಳಿಗೆ ಎಲ್ಲಿಯೂ ಸ್ಥಳವಿಲ್ಲ. ತೊಳೆದು ಒಣಗಿದ ಕೈ ಯಾರದಾದರೂ ಅದು ಶುದ್ಧವಾದ ಕೈಯೇ. ಒದ್ದೆ ಸೌಟು ಹಿರಿಯರು ಹಾಕಿದರೂ ಒದ್ದೆ ಸೌಟೇ.

ಎರಡನೆಯ ಮಾತು: “ಹೆಚ್ಚುವವನಿಗೆ ಹೆಚ್ಚಿದ್ದಕ್ಕೆ ಕೂಲಿ, ಉಪ್ಪಿನಕಾಯಿ ಆಗುವದೂ ಕೆಡುವದೂ ಮನೆಯವರ ಪಾಡು.” ಇದರಲ್ಲಿ ಅರ್ಧ ಸತ್ಯವಿದೆ. ಮನೆಯಲ್ಲಿ ಉಪ್ಪು ಕಡಿಮೆ ಹಾಕಿದರೆ, ಒದ್ದೆ ಜಾಡಿಗೆ ತುಂಬಿದರೆ, ಅದಕ್ಕೆ ಬೀದಿಯಲ್ಲಿ ಕುಳಿತವನು ಹೊಣೆಯಲ್ಲ. ಎಲ್ಲದಕ್ಕೂ ತಾನೇ ಹೊಣೆಯೆಂದು ಕೊರಗುವ ಮನಸ್ಸು ಕೆಲವರಲ್ಲಿ ಉಂಟು. ಅದು ಧರ್ಮವಲ್ಲ, ಅದೊಂದು ಭಾರ. ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ಚಿಕ್ಕಬಳ್ಳಾಪುರದ ಆ ಮನುಷ್ಯನು ತನ್ನ ಒಂದೇ ಮಾತಿನಲ್ಲಿ ಅದನ್ನು ಎಳೆದಿದ್ದಾನೆ. ವಾಟೆಯೊಳಗೆ ನೋಡುವವನು ಅವನೊಬ್ಬನೇ. ಯಾವದು ಆ ಕ್ಷಣದಲ್ಲಿ ನನಗೆ ಮಾತ್ರ ಗೊತ್ತೋ, ನನ್ನ ಕೈ ದಾಟಿದ ಮೇಲೆ ಯಾವದನ್ನು ಯಾರೂ ತಿಳಿಯಲಾರರೋ, ಅದಕ್ಕೆ ನಾನೇ ಹೊಣೆ. ಅದರಲ್ಲಿ ನನ್ನ ಪಾಲು ಸಣ್ಣದಾಗಿರಬಹುದು. ಆದರೆ ಆ ಪಾಲನ್ನು ನನ್ನ ಬದಲಾಗಿ ಮಾಡುವವರು ಯಾರೂ ಇಲ್ಲ. ಮಳೆ ಬಿದ್ದದ್ದಕ್ಕೆ ನಾನು ಹೊಣೆಯಾಗಿರಲಿಲ್ಲ. ಬುಟ್ಟಿಯನ್ನು ಬೇಲಿಯ ಪಕ್ಕ ಬಿಟ್ಟದ್ದು ಹುಡುಗತನ. “ನೆನೆಯಿತೇನೋ?” ಎಂದು ಅಮ್ಮನು ಕೇಳಿದಾಗ ಮನೆಯಲ್ಲಿ ಉತ್ತರ ಖಂಡಿತವಾಗಿ ಗೊತ್ತಿದ್ದವನು ನಾನೊಬ್ಬನೇ, ಅಲ್ಲಿಯೇ ನನ್ನ ಹೊಣೆ ಇತ್ತು. ಆಗ ಹೌದೆಂದಿದ್ದರೆ ಎರಡು ಏಟು ಬೀಳುತ್ತಿದ್ದವು, ಹೋಳುಗಳು ರಾತ್ರಿಯೆಲ್ಲಾ ಬಟ್ಟೆಯ ಮೇಲೆ ಒಣಗುತ್ತಿದ್ದವು, ಜಾಡಿ ಉಳಿಯುತ್ತಿತ್ತು.

ಈ ನಿಯಮವು ಮಾವಿನಕಾಯಿಗೆ ಮಾತ್ರ ಸೇರಿದ್ದಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸದಲ್ಲಿರುವವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಅವರಿಗೆ ಇದು ಚೆನ್ನಾಗಿ ತಿಳಿಯುವದು. ಬಿಸಿನೀರಿನಲ್ಲಿ ತೇಲುವ ಹಲವು ಗೂಡುಗಳ ಎಳೆಗಳು ಕೂಡಿ ಒಂದು ನೂಲಾಗುವದು. ಒಂದು ಗೂಡಿನ ಎಳೆ ಕಡಿದಾಗ ಕೂಡಲೇ ಮತ್ತೊಂದರ ಎಳೆಯನ್ನು ಸೇರಿಸದಿದ್ದರೆ ನೂಲು ಅಲ್ಲಿ ತೆಳ್ಳಗಾಗುವದು. ಆ ಹೊತ್ತಿನಲ್ಲಿ ಅದನ್ನು ಕಾಣುವವರು ಬಿಚ್ಚುವವರು ಮಾತ್ರ. ತೆಳ್ಳಗಾದ ನೂಲು ಕಡಿಯುವದು ಎಲ್ಲಿಯೋ ದೂರದ ಊರಿನ ಮಗ್ಗದಲ್ಲಿ. ಬೈಗಳು ಬೀಳುವದು ನೇಕಾರನ ಮೇಲೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರನ್ನು ನಾವೆಲ್ಲರೂ ಅಭಿಮಾನದಿಂದ ಹೇಳುತ್ತೇವೆ. ಅವರು ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದಾಗ 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ಅದರ ಕಲ್ಲುಗಳನ್ನು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರಸಿದ ಸುರ್ಕಿ ಗಾರೆಯಿಂದ ಕೂಡಿಸಿದರು. ಆ ಕಟ್ಟೆಯನ್ನು ನೋಡಲು ಹೋದವರು ನೋಡುವದು ಅದರ ಮುಖದ ಕಲ್ಲುಗಳನ್ನು. ಗೋಡೆಯ ನಡುವೆ, ಇನ್ನೆಂದಿಗೂ ಬೆಳಕು ಕಾಣದ ಕಲ್ಲುಗಳ ಸಂದುಗಳಿಗೆ ಗಾರೆ ತುಂಬಿದ ಕೂಲಿಯವರ ಹೆಸರು ಯಾರಿಗೂ ಗೊತ್ತಿಲ್ಲ. ಅಲ್ಲಿ ಒಂದು ಬಾಂಡಲಿ ಗಾರೆಯನ್ನು ಕಡಿಮೆ ಹಾಕಿದ್ದರೆ ಆ ದಿನ ಯಾರಿಗೂ ತಿಳಿಯುತ್ತಿರಲಿಲ್ಲ. ನೀರನ್ನು ತಡೆದು ನಿಂತಿರುವದರಲ್ಲಿ ಆ ಕಾಣದ ಸಂದುಗಳಿಗೂ ಪಾಲುಂಟು.

ಮೂರನೆಯ ಮಾತು: “ಬಡವನಿಗೆ ಇಷ್ಟು ನಿಷ್ಠೆ ಕಟ್ಟುವದಿಲ್ಲ.” ಈ ಮಾತನ್ನು ನಾನು ಹಗುರವಾಗಿ ತೆಗೆದುಹಾಕಲಾರೆನು. ಆ ಮನುಷ್ಯನು ಎಸೆದ ಎರಡು ಕಾಯಿಗಳ ಬೆಲೆ ಅವನ ಆ ದಿನದ ಸಂಪಾದನೆಯಿಂದಲೇ ಹೋಯಿತು. ಸಂಜೆಯ ತನಕ ಅಂಥವು ಎಷ್ಟು ಬಂದವೋ! ಅವನ ನಂತರ ಬಂದ ಒಬ್ಬ ಗೃಹಸ್ಥನು ಹೆಚ್ಚುವ ಕೂಲಿಯಲ್ಲಿ ಐದು ರೂಪಾಯಿ ಕಡಿಮೆಮಾಡೆಂದು ಕಾಲುಗಂಟೆ ವಾದಿಸಿದ್ದನ್ನು ಸಹ ನಾನು ನೋಡಿದೆನು. ಕಡೆಗೆ ಅವನು ಗೆದ್ದೇ ಹೋದನು. ಕೂಲಿಯನ್ನು ಹೀಗೆ ಕೆರೆದ ಮೇಲೆ, ಕೆಟ್ಟ ಕಾಯಿ ಕಂಡಾಗ ಕಣ್ಣು ಮುಚ್ಚಿಕೊಳ್ಳೆಂಬ ಶೋಧನೆಯನ್ನು ಅವನ ಮುಂದೆ ಇಟ್ಟವರು ಯಾರು? ಪೂರಾ ನಿಷ್ಠೆಯನ್ನು ಅರ್ಧ ಬೆಲೆಗೆ ಕೇಳುವವರು ನಾವೇ ಅಲ್ಲವೋ?

ಬೀದಿಯ ವ್ಯಾಪಾರಿಗಳ ಜೀವನವನ್ನು ಕಾಪಾಡುವದಕ್ಕಾಗಿ 2014ರಲ್ಲಿ ನಮ್ಮ ದೇಶದ ಪಾರ್ಲಿಮೆಂಟು ಒಂದು ಕಾನೂನನ್ನು ಮಾಡಿತು. ಪಟ್ಟಣಗಳ ವ್ಯಾಪಾರ ಸಮಿತಿಗಳಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ವ್ಯಾಪಾರಿಗಳಿಗೇ ಇರಬೇಕೆಂದೂ, ಅವುಗಳಲ್ಲಿ ಮೂರನೆಯ ಒಂದು ಪಾಲು ಹೆಂಗಸರಿಗೆ ಸಲ್ಲಬೇಕೆಂದೂ ಅದರಲ್ಲಿ ಹೇಳಿದೆ. ಕಾನೂನು ಅವನಿಗೆ ಕುಳಿತುಕೊಳ್ಳುವ ಸ್ಥಳವನ್ನು ಕೊಡಬಲ್ಲದು. ಕತ್ತಿಯ ಕೆಲಸಕ್ಕೆ ತಕ್ಕ ಕೂಲಿಯನ್ನು ಜಗಳವಿಲ್ಲದೆ ಕೊಡುವ ಕೈ ಮಾತ್ರ ಕೊಳ್ಳುವವನದೇ ಆಗಬೇಕು. ನಮ್ಮಲ್ಲಿ ಹೆಚ್ಚಿನವರು ಒಂದು ದಿನ ಕೊಳ್ಳುವವರು, ಮರುದಿನ ಮಾರುವವರು, ಅದರ ಮರುದಿನ ಕೂಲಿಗೆ ಹೋಗುವವರು. ಆದಕಾರಣ ಈ ಲೆಕ್ಕದ ಎರಡು ಕಡೆಗಳೂ ನಮಗೆ ಗೊತ್ತಿರಬೇಕು.

ಹಾಗಾದರೆ ನಾವು ಮಾಡತಕ್ಕದ್ದೇನು? ಮೂರು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಒಂದನೆಯದು, ನನಗೆ ಮಾತ್ರ ಗೊತ್ತಿರುವ ಕೊರತೆಯನ್ನು ಅದೇ ದಿನ ಬಾಯಿಬಿಟ್ಟು ಹೇಳುವದು. ಆ ದಿನ ಅದಕ್ಕೆ ಬೀಳುವ ಬೆಲೆ ಸಣ್ಣದು. ತಡವಾದಷ್ಟೂ ಬಡ್ಡಿ ಬೆಳೆಯುವದು, ಮತ್ತು ಆ ಬಡ್ಡಿಯನ್ನು ಕಟ್ಟುವವರು ಬೇರೆಯವರು. ಎರಡನೆಯದು, ಮನೆಯಲ್ಲಿ ಏನಾದರೂ ಕೆಟ್ಟಾಗ ಮನುಷ್ಯರನ್ನು ಹುಡುಕುವದಕ್ಕೆ ಮುಂಚೆ ಕಾರಣವನ್ನು ಹುಡುಕುವದು. ಮನುಷ್ಯರನ್ನು ಹುಡುಕಲೇಬೇಕಾದರೆ, ಎಲ್ಲರಿಗಿಂತ ಚಿಕ್ಕವರಿಂದ ಆರಂಭಿಸದೆ ನನ್ನಿಂದಲೇ ಆರಂಭಿಸುವದು. ಮೂರನೆಯದು, ಜಾಡಿಯ ಮುಂದಿನ ಮೈಲಿಗೆಯನ್ನು ನಮ್ಮ ಮನೆಗಳಿಂದ ತೆಗೆದುಹಾಕುವದು. ಇದನ್ನು ಹೆಂಗಸರೇ ತಮ್ಮೊಳಗೆ ಸರಿಮಾಡಿಕೊಳ್ಳಲಿ ಎಂದು ಗಂಡಸರು ಜಾರಿಕೊಳ್ಳಬಾರದು. ನಮ್ಮ ಮನೆಯಲ್ಲಿ ಅಮ್ಮನು ತೀರ್ಪು ಹೇಳಿದಾಗ ನನ್ನ ತಂದೆಯೂ ಅಣ್ಣನೂ ಜಗಲಿಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದರು, ಒಬ್ಬರೂ ಏಳಲಿಲ್ಲ.

ದೇವರು ಎಲ್ಲವನ್ನೂ ನೋಡುತ್ತಾನೆಂದು ನಾವು ನಂಬುತ್ತೇವೆ, ಮಕ್ಕಳಿಗೂ ಹೇಳಿಕೊಡುತ್ತೇವೆ. ಅದು ಸತ್ಯ. ಆದರೆ ಹನ್ನೆರಡು ವರುಷದ ನಾನು ಸಹ ಅದನ್ನು ನಂಬಿದ್ದೆನು, ನಂಬಿಯೂ ಸುಮ್ಮನಿದ್ದೆನು. ಆ ನಂಬಿಕೆ ನಮ್ಮನ್ನು ಒಳಕೋಣೆಯ ಪ್ರಾರ್ಥನೆಯಿಂದ ಎಬ್ಬಿಸಿ, ನಮ್ಮ ತಪ್ಪನ್ನು ಹೊತ್ತಿರುವವರ ಬಾಗಿಲಿಗೆ ಕರಕೊಂಡು ಹೋಗದಿದ್ದರೆ, ಅದು ಇನ್ನೂ ಅರ್ಧದಾರಿಯಲ್ಲಿದೆ.

ಈ ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಮಾವು ಹೂಬಿಟ್ಟಿರುವದು. ಇನ್ನು ಕೆಲವು ತಿಂಗಳಲ್ಲಿ ಚಿಂತಾಮಣಿ, ಶ್ರೀನಿವಾಸಪುರಗಳ ತೋಪುಗಳಿಂದ ಕಾಯಿ ಇಳಿಯುವದು; ಬೀದಿಯಂಚಿನಲ್ಲಿ ದಿಮ್ಮಿ ಮತ್ತು ಕತ್ತಿಗಳು ಕಾಣಿಸಿಕೊಳ್ಳುವವು. ಹೆಚ್ಚಿಸುವದಕ್ಕೆ ಮನೆಯ ಹುಡುಗನನ್ನು ಕಳುಹಿಸುವವರು, ಅವನು ಹಿಂದಿರುಗಿ ಬಂದಾಗ ಬುಟ್ಟಿ ನೆನೆಯಿತೇ ಎಂದು ಕೇಳಿರಿ; ಆದರೆ ನೆನೆಯಿತೆಂದು ಹೇಳುವದಕ್ಕೆ ಅವನು ಹೆದರದ ಹಾಗೆ ಕೇಳಿರಿ. ನಮ್ಮ ಮನೆಯಲ್ಲಿ ಈಗ ಪ್ರತಿ ವರುಷವೂ ಜಾಡಿ ತುಂಬುವವಳು ಅತ್ತಿಗೆಯೇ. ಹೋಳುಗಳನ್ನು ಪೇಟೆಯಿಂದ ಹೊತ್ತು ತರುವವನು ನಾನು. ಬಟ್ಟೆಯನ್ನು ಬಿಚ್ಚಿ, ಅಡಿಯ ಹೋಳನ್ನು ಕೈಯಲ್ಲಿ ಒತ್ತಿ ನೋಡಿದ ಮೇಲೆಯೇ ಅವಳು ಉಪ್ಪಿಗೆ ಕೈಹಾಕುವಳು. ಅದಕ್ಕೆ ನಾನು ಬೇಸರಪಡುವದಿಲ್ಲ.